ಎದೆಗೂಡಿನ ‘ಸಾಧು’ ಗಡ್ಡೆ: ಕೆಮ್ಮೆಲ್ಲ ಕ್ಷಯವಲ್ಲ

ಎದೆಯೊಳಗಿನ ಗಡ್ಡೆಗಳನ್ನು ಕುರಿತ ನಮ್ಮ ನೇರ ಪ್ರಸಾರದ ಮಾತುಕತೆ ಇನ್ನೇನು ಮುಗಿಯಬೇಕು ಎನ್ನುವಾಗ ಸುರಪುರ ತಾಲ್ಲೂಕಿನಿಂದ ಒಂದು ದೂರವಾಣಿ ಕರೆ ಬಂತು. ಕರೆ ಮಾಡಿದವರು ಕುರಿ ಕಾಯುವವರು. “ಎದಿ ಒಳಗ ಗಡ್ಡಿ ಅದ ಅಂತ ಹೇಳ್ಯಾರ್ರೀ ಡಾಕ್ಟರ್ ಸಾಹೇಬ್ರ. ಕ್ಯಾನ್ಸರ್ ಅಲ್ಲಂತ. ಅಲ್ಲ ಅಂದ ಮ್ಯಾಲ ಹಂಗೇ ಬಿಟ್ಟರ ನಡೀತದಲ್ರೀ?” ಎಂದು ಕೇಳಿದರು. ಸ್ಟುಡಿಯೋದಲ್ಲಿದ್ದ ತಜ್ಞ ವೈದ್ಯರು ಎರಡು ಮಾತು ಹೇಳುವಷ್ಟರಲ್ಲಿ ಸಮಯ ಮುಗಿಯಿತು. ಗಾಜಿನ ಆಚೆ ನಿಂತು, ಸಾಕು ಮುಗಿಸಿ ಎಂದು ಕೈಸನ್ನೆ ಮಾಡಿದವನು ನಾನೇ.

ಆ ಪ್ರಶ್ನೆಗೆ ಎರಡು ಮಾತು ಸಾಲದು. ಅಂದು ಉಳಿದುಹೋದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ನಾನು ವೈದ್ಯನಲ್ಲ, ವಿಜ್ಞಾನದ ಪದವೀಧರ ಮಾತ್ರ. ವೈದ್ಯರು ಹೇಳಿದ್ದನ್ನು ವೀಕ್ಷಕರಿಗೆ ಅರ್ಥವಾಗುವಂತೆ ತಿರುಗಿಸಿ ಹೇಳುವುದು ನನ್ನ ಕೆಲಸ. ಈ ಭಾಗದ ವೀಕ್ಷಕರ ಬಗ್ಗೆ ನಮಗೆ ಹಳೆಯ ಋಣವೂ ಒಂದಿದೆ. 1975ರ ಆಗಸ್ಟಿನಿಂದ 1976ರ ಜುಲೈವರೆಗೆ ಉಪಗ್ರಹದ ಮೂಲಕ ಹಳ್ಳಿಗಳಿಗೆ ದೂರದರ್ಶನ ತೋರಿಸಿದ ‘ಸೈಟ್’ ಪ್ರಯೋಗ ನಡೆದಾಗ ಆಗಿನ ಗುಲ್ಬರ್ಗಾ ಜಿಲ್ಲೆಯ ಹಳ್ಳಿಗಳೂ ಅದರಲ್ಲಿದ್ದವು. ಯಾದಗಿರಿ, ಶಹಾಪುರ, ಸುರಪುರ ಆಗ ಅದೇ ಜಿಲ್ಲೆಯ ತಾಲ್ಲೂಕುಗಳು. ಬೆಂಗಳೂರಿನಲ್ಲಿ ದೂರದರ್ಶನ ಕೇಂದ್ರ ಆರಂಭವಾದದ್ದು ಅದಾದ ಮೇಲೆ, 1981ರಲ್ಲಿ.

ಮೊದಲು ಗಡ್ಡೆ ಎಂದರೇನು ನೋಡೋಣ. ದೇಹದ ಜೀವಕೋಶಗಳು ಅಳತೆ ಮೀರಿ ಹೆಚ್ಚಿ ಒಂದೆಡೆ ಗಂಟಾಗುವುದೇ ಗಡ್ಡೆ. ಅದು ಸುತ್ತಲಿನ ಅಂಗಗಳೊಳಗೆ ಬೇರು ಇಳಿಸಿ, ರಕ್ತದ ಮೂಲಕ ದೂರದ ಅಂಗಗಳಿಗೂ ಹರಡಿದರೆ ಕ್ಯಾನ್ಸರ್. ಹಾಗೆ ಹರಡದೆ, ತನ್ನದೇ ಪೊರೆಯೊಳಗೆ ನಿಧಾನವಾಗಿ ದಪ್ಪವಾಗುತ್ತಾ ಹೋದರೆ ಅದು ಕ್ಯಾನ್ಸರ್ ಅಲ್ಲದ ಗಡ್ಡೆ. ಇದನ್ನು ‘ಸಾಧು’ ಗಡ್ಡೆ ಎನ್ನೋಣ. ಸಾಧು ಎತ್ತು ಹಾಯುವುದಿಲ್ಲ, ನಿಜ. ಆದರೆ ಆ ಎತ್ತು ಮನೆಯ ಒಂದೇ ಬಾಗಿಲಿಗೆ ಅಡ್ಡ ಮಲಗಿದರೆ ಒಳಗಿದ್ದವರ ಗತಿ ಏನು? ಎದೆಗೂಡಿನ ಗಡ್ಡೆಯ ಸಮಾಚಾರ ಇಷ್ಟೇ. ಅದು ಎಂಥದ್ದು ಎನ್ನುವಷ್ಟೇ ಮುಖ್ಯವಾದದ್ದು ಅದು ಎಲ್ಲಿ ಕುಳಿತಿದೆ ಎಂಬುದು.

ಹೊಟ್ಟೆಯಲ್ಲಿ ಗಡ್ಡೆ ಬೆಳೆದರೆ ಹೊಟ್ಟೆ ಮುಂದಕ್ಕೆ ಉಬ್ಬಿ ಜಾಗ ಕೊಡುತ್ತದೆ. ಎದೆಗೆ ಆ ಸೌಕರ್ಯವಿಲ್ಲ. ಸುತ್ತಲೂ 12 ಜೊತೆ ಪಕ್ಕೆಲುಬುಗಳು, ಮುಂದೆ ಎದೆಯ ಮೂಳೆ, ಹಿಂದೆ ಬೆನ್ನುಮೂಳೆ, ಕೆಳಗೆ ವಪೆ. ಈ ಪೆಟ್ಟಿಗೆಯ ಎರಡೂ ಕಡೆ ಶ್ವಾಸಕೋಶಗಳಿವೆ. ಅವುಗಳ ನಡುವಿನ ಇಕ್ಕಟ್ಟಿನಲ್ಲಿ ಹೃದಯ, ದೊಡ್ಡ ರಕ್ತನಾಳಗಳು, ಉಸಿರಿನ ಕೊಳವೆ, ಅನ್ನನಾಳ, ಧ್ವನಿಗೆ ಹೋಗುವ ನರ, ವಪೆಗೆ ಹೋಗುವ ನರ ಎಲ್ಲವೂ ಒಂದಕ್ಕೊಂದು ಒತ್ತಿಕೊಂಡಿವೆ. ಅಲ್ಲಿ ನಿಂಬೆಹಣ್ಣಿನ ಗಾತ್ರದ್ದು ಬಂದು ಕುಳಿತರೂ ಯಾರಾದರೊಬ್ಬರು ಸರಿದು ಕೂಡಬೇಕಾಗುತ್ತದೆ.

ಹಾಗೆಂದು ಎಲ್ಲ ಗಡ್ಡೆಗಳೂ ಲಕ್ಷಣ ತೋರಿಸುತ್ತವೆ ಎಂದಲ್ಲ. ಅನೇಕವು ವರ್ಷಗಟ್ಟಲೆ ಸುಮ್ಮನಿರುತ್ತವೆ. ಪೊಲೀಸ್ ಭರ್ತಿಗೋ, ವಿದೇಶದ ನೌಕರಿಗೋ, ಹರ್ನಿಯಾ ಶಸ್ತ್ರಚಿಕಿತ್ಸೆಗೋ ಮುಂಚೆ ತೆಗೆಸಿದ ಎದೆಯ ಎಕ್ಸ್-ರೇಯಲ್ಲಿ ಅಕಸ್ಮಾತ್ತಾಗಿ ದುಂಡನೆಯ ನೆರಳು ಕಾಣುತ್ತದೆ. ಶ್ವಾಸಕೋಶದ ಸಾಧು ಗಡ್ಡೆಗಳಲ್ಲಿ ಅತಿ ಸಾಮಾನ್ಯವಾದ ‘ಹ್ಯಾಮಾರ್ಟೋಮಾ’ ಬಹುಮಟ್ಟಿಗೆ ಹೀಗೆಯೇ ಪತ್ತೆಯಾಗುತ್ತದೆ. ಕೆಲವೊಮ್ಮೆ ಅದರೊಳಗೆ ಅರಳಿದ ಮೆಕ್ಕೆಜೋಳದ ಕಾಳಿನ ಹಾಗೆ ಸುಣ್ಣದ ಚುಕ್ಕೆಗಳು ಕಾಣುತ್ತವೆ. ವೈದ್ಯರಿಗೆ ಅದು ಸಮಾಧಾನದ ಗುರುತು.

ಲಕ್ಷಣಗಳನ್ನು ಅರಿಯಲು ಎದೆಯ ನಡುಭಾಗವನ್ನು ಮುಂದೆ, ಮಧ್ಯೆ, ಹಿಂದೆ ಎಂದು ಮೂರು ಪಾಲು ಮಾಡಿಕೊಳ್ಳುವುದು ವೈದ್ಯರ ಪದ್ಧತಿ.

ಮುಂದಿನ ಪಾಲಿನಲ್ಲಿ, ಅಂದರೆ ಎದೆಯ ಮೂಳೆಯ ಹಿಂದೆಯೇ, ಕುತ್ತಿಗೆಯ ಥೈರಾಯ್ಡ್ ಗ್ರಂಥಿ ಊದಿ ಕೆಳಗಿಳಿಯಬಹುದು. ಗಳಗಂಡ ಎಂದರೆ ಕುತ್ತಿಗೆಯಲ್ಲಿ ಕಾಣಲೇಬೇಕು ಎಂದು ನಾವು ತಿಳಿದಿದ್ದೇವೆ. ಎದೆಯೊಳಗೆ ಇಳಿದದ್ದು ಹೊರಗೆ ಅಷ್ಟಾಗಿ ಕಾಣದೆಯೂ ಇರಬಹುದು. ಇದರ ಒಂದು ಗುರುತನ್ನು ಹಳ್ಳಿಯ ಹೆಣ್ಣುಮಕ್ಕಳು ತಾವೇ ಗಮನಿಸಬಹುದು. ಎರಡೂ ಕೈ ಎತ್ತಿ ತಲೆಯ ಮೇಲೆ ಕೊಡ ಇಟ್ಟುಕೊಳ್ಳುವಾಗ ಅಥವಾ ಮೇವಿನ ಹೊರೆ ಹಿಡಿದುಕೊಂಡಾಗ ಮುಖ ಕೆಂಪಗೆ ಉಬ್ಬಿದಂತಾಗಿ, ಉಸಿರು ಕಟ್ಟಿ, ಕೈ ಇಳಿಸಿದರೆ ಸರಿಹೋಗುತ್ತದೆ. ಕೈ ಎತ್ತಿದಾಗ ಎದೆಯ ಮೇಲ್ಬಾಯಿ ಇನ್ನಷ್ಟು ಕಿರಿದಾಗಿ, ತಲೆಯಿಂದ ಹೃದಯಕ್ಕೆ ಮರಳುವ ರಕ್ತಕ್ಕೆ ತಡೆಯಾಗುವುದೇ ಕಾರಣ. ಹೊರೆಯ ಭಾರಕ್ಕೆ ಹೀಗಾಯಿತು ಎಂದುಕೊಂಡು ಸುಮ್ಮನಾಗುವವರೇ ಹೆಚ್ಚು. ಬರಿಗೈ ಎತ್ತಿ ಒಂದು ನಿಮಿಷ ಹಿಡಿದರೂ ಹಾಗೇ ಆಗುತ್ತಿದ್ದರೆ ವೈದ್ಯರಿಗೆ ಹೇಳಲೇಬೇಕು.

ಅದೇ ಜಾಗದಲ್ಲಿ ಥೈಮಸ್ ಎಂಬ ಗ್ರಂಥಿಯೂ ಇದೆ. ಅದರಲ್ಲಿ ಏಳುವ ‘ಥೈಮೋಮಾ’ ಗಡ್ಡೆಯ ಚಾಳಿಯೇ ಬೇರೆ. ಕೆಮ್ಮಿಲ್ಲ, ನೋವಿಲ್ಲ. ಬೆಳಿಗ್ಗೆ ಚೆನ್ನಾಗಿದ್ದ ಮನುಷ್ಯನಿಗೆ ಸಂಜೆಯ ಹೊತ್ತಿಗೆ ಕಣ್ಣಿನ ರೆಪ್ಪೆಗಳು ಜೋಲುತ್ತವೆ, ಒಂದು ವಸ್ತು ಎರಡಾಗಿ ಕಾಣುತ್ತದೆ. ಜೋಳದ ರೊಟ್ಟಿಯ ಮೊದಲ ನಾಲ್ಕು ತುತ್ತು ಅಗಿದವರಿಗೆ ಐದನೆಯದಕ್ಕೆ ದವಡೆ ಸೋಲುತ್ತದೆ. ವಿಶ್ರಾಂತಿ ಪಡೆದರೆ ಮತ್ತೆ ಶಕ್ತಿ ಬರುತ್ತದೆ. ಇದು ‘ಮಯಾಸ್ಥೇನಿಯಾ ಗ್ರೇವಿಸ್’ ಎಂಬ ಸ್ನಾಯು ದೌರ್ಬಲ್ಯ. ಥೈಮೋಮಾ ಇರುವವರಲ್ಲಿ ಸುಮಾರು ಮೂರರಲ್ಲಿ ಒಬ್ಬರಿಗೆ ಇದು ಕಾಣಿಸಿಕೊಳ್ಳುತ್ತದೆ. ರೆಪ್ಪೆ ಜೋತದ್ದಕ್ಕೆ ಎದೆಯ ಸ್ಕ್ಯಾನ್ ಏಕೆ ಎಂದು ರೋಗಿಯ ಕಡೆಯವರು ಜಗಳ ಆಡುವುದುಂಟು. ಜಗಳ ಆಡಬೇಡಿ, ವೈದ್ಯರು ಸರಿಯಾದ ದಾರಿಯಲ್ಲೇ ಇದ್ದಾರೆ. ಹಿಂದೆ ಥೈಮೋಮಾಗಳಲ್ಲಿ ಕೆಲವನ್ನು ಪೂರ್ಣ ನಿರಪಾಯವೆಂದು ಬಿಡುತ್ತಿದ್ದರು. ಈಗ ಎಲ್ಲವನ್ನೂ ಎಚ್ಚರಿಕೆಯಿಂದಲೇ ನೋಡುತ್ತಾರೆ.

ಹುಟ್ಟುವ ಮುಂಚಿನ ಜೀವಕೋಶಗಳು ದಾರಿತಪ್ಪಿ ಎದೆಯಲ್ಲಿ ಉಳಿದು ಬೆಳೆಯುವ ‘ಟೆರಟೋಮಾ’ ಎಂಬ ಗಡ್ಡೆಯಲ್ಲಿ ಕೂದಲು, ಕೊಬ್ಬು, ಹಲ್ಲು ಕೂಡ ಇರಬಹುದು. ಅದು ಉಸಿರಿನ ಕೊಳವೆಗೆ ಒಡೆದುಕೊಂಡರೆ ಕೆಮ್ಮಿದಾಗ ಕೂದಲು ಬರುತ್ತದೆ. ಬಲು ಅಪರೂಪ. ಆದರೆ ಹಾಗೆ ಬಂದಾಗ ಮಾಟ ಮಾಡಿಸಿದ್ದಾರೆಂದು ಅಲೆಯುವ ಬದಲು ಆಸ್ಪತ್ರೆಗೆ ಹೋಗುವುದು ಲೇಸು.

ಮಧ್ಯದ ಪಾಲಿನಲ್ಲಿ ಹೆಚ್ಚಾಗಿ ನೀರುಚೀಲಗಳು ಇರುತ್ತವೆ. ಅವು ಉಸಿರಿನ ಕೊಳವೆಯನ್ನು ಒತ್ತಿದರೆ ಒಣಕೆಮ್ಮು, ಅನ್ನನಾಳವನ್ನು ಒತ್ತಿದರೆ ನುಂಗಲು ತೊಂದರೆ.

ಹಿಂದಿನ ಪಾಲಿನಲ್ಲಿ, ಬೆನ್ನುಮೂಳೆಯ ಪಕ್ಕ ಏಳುವವು ಹೆಚ್ಚಾಗಿ ನರಗಳ ಗಡ್ಡೆಗಳು. ದೊಡ್ಡವರಲ್ಲಿ ಇವು ಬಹುತೇಕ ಸಾಧುವೇ. ಚಿಕ್ಕ ಮಕ್ಕಳಲ್ಲಿ ಹಾಗೆಂದು ನಂಬಿ ಕೂರುವಂತಿಲ್ಲ. ಎದೆಯ ಮೇಲ್ತುದಿಯ ನರವನ್ನು ಗಡ್ಡೆ ಒತ್ತಿದರೆ ಆ ಪಕ್ಕದ ರೆಪ್ಪೆ ಸ್ವಲ್ಪ ಇಳಿಯುತ್ತದೆ, ಕಣ್ಣಪಾಪೆ ಕಿರಿದಾಗುತ್ತದೆ, ಮುಖದ ಆ ಅರ್ಧ ಬೆವರುವುದಿಲ್ಲ. ಯಾದಗಿರಿಯ ಏಪ್ರಿಲ್ ಬಿಸಿಲಿನಲ್ಲಿ ಮುಖದ ಒಂದು ಪಕ್ಕ ತೊಯ್ದು ಇನ್ನೊಂದು ಪಕ್ಕ ಒಣಗಿದ್ದರೆ ಕನ್ನಡಿಯೇ ಹೇಳಿಬಿಡುತ್ತದೆ! ಕೆಲವು ನರಗಡ್ಡೆಗಳು ಬೆನ್ನುಮೂಳೆಯ ಸಂದಿಯಿಂದ ಒಳನುಗ್ಗಿ ಬೆನ್ನುಹುರಿಯನ್ನು ಅಮುಕುತ್ತವೆ. ಆಗ ಕಾಲು ಭಾರ, ಜೋಮು, ನಡಿಗೆಯಲ್ಲಿ ತಡವರಿಕೆ, ಮೂತ್ರದ ಮೇಲೆ ಹಿಡಿತ ತಪ್ಪುವುದು ಕಾಣಿಸಿಕೊಳ್ಳಬಹುದು. ಇದಕ್ಕೆ ವಾರ ಕಾಯುವಂತಿಲ್ಲ. ಅಂದೇ ಆಸ್ಪತ್ರೆಗೆ ಹೋಗಬೇಕು.

ಇನ್ನು ಉಸಿರಿನ ಕವಲುಕೊಳವೆಯ ಒಳಗೇ ಏಳುವ ಸಣ್ಣ ಗಡ್ಡೆಗಳು. ಇವು ದಮ್ಮಿನ ವೇಷದಲ್ಲಿ ಬರುತ್ತವೆ. ದಮ್ಮಿನ ಸಿಳ್ಳೆ ಸಾಮಾನ್ಯವಾಗಿ ಎದೆಯ ಎರಡೂ ಕಡೆ ಕೇಳಿಸುತ್ತದೆ. ಒಂದೇ ಕಡೆ ಕೇಳಿಸುತ್ತಿದ್ದರೆ, ಅಥವಾ ನ್ಯುಮೋನಿಯಾ ಗುಣವಾಗಿ ಮತ್ತೆ ಅದೇ ಜಾಗದಲ್ಲಿ ಬರುತ್ತಿದ್ದರೆ, ಅಲ್ಲಿ ಏನೋ ಅಡ್ಡ ಇದೆ ಎಂದೇ ಅರ್ಥ. ಮಕ್ಕಳಲ್ಲಾದರೆ ಅದು ನುಂಗಲು ಹೋಗಿ ಉಸಿರಿಗೆ ಸಿಕ್ಕಿಕೊಂಡ ಶೇಂಗಾ ಬೀಜವೋ ಹುಣಸೆ ಬೀಜವೋ ಇರಬಹುದು.

ಈಗ ಸುರಪುರದ ಆ ಕುರಿಗಾಹಿಯ ಮಾತಿಗೆ ಬರೋಣ. ಮರುದಿನ ನಾನೇ ಅವರಿಗೆ ಫೋನ್ ಮಾಡಿದೆ. ಅವರ ಕಥೆ ಈ ಮೂರು ತಾಲ್ಲೂಕುಗಳಲ್ಲಿ ಅನೇಕರದು. ಕೆಮ್ಮು ಶುರುವಾಗಿ ಒಂದೂವರೆ ವರ್ಷ. ಮೊದಲು ಹತ್ತಿಯ ಧೂಳು ಎಂದುಕೊಂಡರು, ಆಮೇಲೆ ಮೆಣಸಿನಕಾಯಿ ಘಾಟು. ಒಂದು ಕಡೆ ಎದೆಯ ಎಕ್ಸ್-ರೇ ನೋಡಿ ಕ್ಷಯ ಎಂದು ಆರು ತಿಂಗಳು ಮಾತ್ರೆ ಕೊಟ್ಟರು. ಕಫ ಪರೀಕ್ಷೆ ಮಾಡಿಸಿದ ನೆನಪು ಅವರಿಗಿಲ್ಲ. ನೆರಳು ಕರಗಲಿಲ್ಲ. ಬೇಸಿಗೆಯಲ್ಲಿ ಮನೆಮಂದಿಯೊಡನೆ ಬೆಂಗಳೂರಿಗೆ ಗುಳೆ ಹೋದರು, ಕಟ್ಟಡದ ಕೆಲಸ. ಅಲ್ಲಿ ಮತ್ತೊಂದು ಎಕ್ಸ್-ರೇ, ಮತ್ತೆ ಕ್ಷಯದ ಮಾತ್ರೆ. ಆ ಫಿಲ್ಮ್ ಕಟ್ಟಡದ ಶೆಡ್ಡಿನಲ್ಲೇ ಉಳಿಯಿತು. ಊರಿಗೆ ಮರಳಿದ ಮೇಲೆ ಮೂರನೆಯ ವೈದ್ಯರೊಬ್ಬರು ಪಕ್ಕದಿಂದ ಒಂದು ಚಿತ್ರ ತೆಗೆಸಿ ನೋಡಿ, ಇದು ದುಂಡನೆಯ ಗಡ್ಡೆ, ಕ್ಯಾನ್ಸರಿನಂತೆ ಕಾಣುವುದಿಲ್ಲ, ಸಿ.ಟಿ. ಸ್ಕ್ಯಾನ್ ಮಾಡಿಸಿ ಎಂದರು. ‘ಕ್ಯಾನ್ಸರ್ ಅಲ್ಲ’ ಎಂಬುದೊಂದು ಮಾತ್ರ ಇವರ ಕಿವಿಗೆ ಬಿದ್ದಿತ್ತು.

ಸ್ಕ್ಯಾನಿನಲ್ಲಿ ಕಂಡದ್ದು ಜೀವಕೋಶಗಳ ಗಡ್ಡೆಯೇ ಅಲ್ಲ, ‘ಹೈಡಾಟಿಡ್’ ಚೀಲ. ಹುಟ್ಟಿನಿಂದ ಇದು ಗಡ್ಡೆಯ ಜಾತಿಗೆ ಸೇರದಿದ್ದರೂ ಎದೆಯೊಳಗೆ ನಡೆದುಕೊಳ್ಳುವ ರೀತಿ ಒಂದೇ. ಕುರಿ ಸಾಕುವ ನಾಡಿನಲ್ಲಿ ಇದನ್ನು ಅಗತ್ಯವಾಗಿ ತಿಳಿದಿರಬೇಕಾದ್ದರಿಂದ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ನಾಯಿಯ ಕರುಳಿನಲ್ಲಿ ಕೆಲವೇ ಮಿಲಿಮೀಟರ್ ಉದ್ದದ ಒಂದು ಲಾಡಿಹುಳು ವಾಸಿಸುತ್ತದೆ. ಅದರ ಮೊಟ್ಟೆಗಳು ನಾಯಿಯ ಮಲದಲ್ಲಿ ಹೊರಬಿದ್ದು ಹುಲ್ಲಿಗೆ, ನೀರಿಗೆ, ನಾಯಿಯ ತುಪ್ಪಳಕ್ಕೆ ಅಂಟುತ್ತವೆ. ಹುಲ್ಲು ಮೇಯ್ದ ಕುರಿಯ ಹೊಟ್ಟೆ ಸೇರಿದ ಮೊಟ್ಟೆ ಒಡೆದು, ಮರಿ ರಕ್ತದಲ್ಲಿ ಹೋಗಿ ಕುರಿಯ ಪಿತ್ತಜನಕಾಂಗ ಶ್ವಾಸಕೋಶಗಳಲ್ಲಿ ನೀರುಚೀಲವಾಗಿ ಬೆಳೆಯುತ್ತದೆ. ಕುರಿ ಕೊಯ್ದಾಗ ಚೀಲ ಇರುವ ಆ ಭಾಗವನ್ನು ‘ಕೆಟ್ಟದ್ದು’ ಎಂದು ನಾಯಿಗೆ ಎಸೆಯುತ್ತಾರೆ. ನಾಯಿ ತಿನ್ನುತ್ತದೆ, ಹುಳು ಮತ್ತೆ ನಾಯಿಯೊಳಗೆ. ಈ ಚಕ್ರದಲ್ಲಿ ಮನುಷ್ಯನಿಗೆ ಕೆಲಸವೇ ಇಲ್ಲ. ನಾಯಿಯನ್ನು ಮುಟ್ಟಿದ ಕೈಯನ್ನು ತೊಳೆಯದೆ ಉಂಡಾಗ, ಮೊಟ್ಟೆ ಸೇರಿದ ನೀರು ಕುಡಿದಾಗ, ತೊಳೆಯದ ಸೊಪ್ಪು ತಿಂದಾಗ ಅವನು ಕುರಿಯ ಜಾಗದಲ್ಲಿ ಸಿಕ್ಕಿಕೊಳ್ಳುತ್ತಾನೆ. ಕುರಿಯ ಮಾಂಸ ತಿಂದರೆ ಈ ರೋಗ ಬರುವುದಿಲ್ಲ. ಒಬ್ಬರಿಂದ ಒಬ್ಬರಿಗೆ ಅಂಟುವುದೂ ಇಲ್ಲ. ಮಾಂಸ ತಿನ್ನದವರಿಗೂ ಬರಬಹುದು.

ಮನುಷ್ಯರಲ್ಲಿ ಈ ಚೀಲ ಹೆಚ್ಚಾಗಿ ಪಿತ್ತಜನಕಾಂಗದಲ್ಲಿ, ಅದರ ನಂತರ ಶ್ವಾಸಕೋಶದಲ್ಲಿ ಬೆಳೆಯುತ್ತದೆ. ಶ್ವಾಸಕೋಶ ಮೆತ್ತಗಿರುವುದರಿಂದ ಅಲ್ಲಿ ಬೆಳವಣಿಗೆಗೆ ತಡೆ ಕಡಿಮೆ. ಕೆಮ್ಮು, ಎದೆಯ ಒಂದು ಕಡೆ ಮಂದ ನೋವು, ಆಗೀಗ ಕಫದಲ್ಲಿ ರಕ್ತದ ಗೆರೆ. ಇವೆಲ್ಲ ಕ್ಷಯಕ್ಕೂ ಹೊಂದುತ್ತವೆ. ಆದರೆ ಒಂದು ಲಕ್ಷಣ ಇದರದೇ. ಚೀಲ ಉಸಿರಿನ ಕೊಳವೆಗೆ ಒಡೆದಾಗ ಜೋರಾದ ಕೆಮ್ಮಿನೊಡನೆ ಬಾಯಿ ತುಂಬ ಉಪ್ಪುಪ್ಪಾದ ತಿಳಿನೀರು ಬರುತ್ತದೆ. ಅದರ ಜೊತೆ ಸುಲಿದ ದ್ರಾಕ್ಷಿಯ ಸಿಪ್ಪೆಯಂಥ ಬಿಳಿ ಚೂರುಗಳು. ಅದನ್ನು ಉಗುಳಿ ಮಣ್ಣು ಮುಚ್ಚಬೇಡಿ. ಶುದ್ಧವಾದ ಸೀಸೆಯಲ್ಲಿ ಹಾಕಿಕೊಂಡು ಆಸ್ಪತ್ರೆಗೆ ಒಯ್ಯಿರಿ. ಮೈಯೆಲ್ಲ ದದ್ದು ಎದ್ದು, ಉಸಿರು ಕಟ್ಟಿ, ತಲೆ ಸುತ್ತಿದರೆ ಪ್ರಾಣಾಪಾಯದ ಅಲರ್ಜಿ ಎಂದು ತಿಳಿದು ಕೂಡಲೇ ಓಡಬೇಕು. ಇದೇ ಕಾರಣಕ್ಕೆ, ಹೈಡಾಟಿಡ್ ಇರಬಹುದೆಂಬ ಸಂಶಯವಿದ್ದಲ್ಲಿ ಎದೆಯ ಚೀಲಕ್ಕೆ ಆತುರದಿಂದ ಸೂಜಿ ಚುಚ್ಚುವುದಿಲ್ಲ. ರೋಗಿ ತಾನು ಕುರಿ ನಾಯಿಗಳೊಡನೆ ಇರುವವನೆಂದು ಮೊದಲೇ ಹೇಳಿದರೆ ವೈದ್ಯರಿಗೆ ಅರ್ಧ ಕೆಲಸ ಮುಗಿದಂತೆ. ಕೇಳಲಿ ಎಂದು ಕಾಯಬೇಡಿ.

ಕ್ಷಯದ ಬಗ್ಗೆ ಒಂದು ಮಾತು ಸ್ಪಷ್ಟವಾಗಿರಲಿ. ಎರಡು ವಾರ ಮೀರಿದ ಕೆಮ್ಮಿಗೆ ಮೊದಲು ನೋಡಬೇಕಾದದ್ದು ಕ್ಷಯವನ್ನೇ. ನಮ್ಮಲ್ಲಿ ಅದು ಗಡ್ಡೆಗಳಿಗಿಂತ ಎಷ್ಟೋ ಪಟ್ಟು ಹೆಚ್ಚು. ಈ ಲೇಖನ ಓದಿ ಯಾರೂ ಮಾತ್ರೆ ನಿಲ್ಲಿಸಕೂಡದು. ಅರ್ಧಕ್ಕೆ ಬಿಟ್ಟ ಕ್ಷಯ ಇನ್ನೂ ಹಠಮಾರಿಯಾಗುತ್ತದೆ. ನಾನು ಹೇಳುವುದು ಇಷ್ಟು: ಮಾತ್ರೆ ಆರಂಭಿಸುವಾಗ ‘ಕಫ ಪರೀಕ್ಷೆಯಲ್ಲಿ ಏನು ಬಂತು?’ ಎಂದು ಕೇಳಿರಿ. ಸರ್ಕಾರಿ ಆಸ್ಪತ್ರೆಗಳ ಮೂಲಕ ಈ ಪರೀಕ್ಷೆ ಉಚಿತ. ಕಫದಲ್ಲಿ ರೋಗಾಣು ಸಿಗದೆ, ಮಾತ್ರೆ ಮುಗಿದರೂ ದುಂಡನೆಯ ನೆರಳು ಇದ್ದಂತೆಯೇ ಇದ್ದರೆ, ಮತ್ತೊಂದು ಸುತ್ತು ಮಾತ್ರೆ ನುಂಗುವ ಮುನ್ನ ಸಿ.ಟಿ. ಸ್ಕ್ಯಾನಿನ ಮಾತೆತ್ತಿರಿ.

ಸ್ಕ್ಯಾನ್ ಏಕೆ ಬೇಕು? ಇಲ್ಲಿ ನನ್ನ ಭೌತಶಾಸ್ತ್ರ ಉಪಯೋಗಕ್ಕೆ ಬರುತ್ತದೆ. 1895ರಲ್ಲಿ ರಾಂಟ್ಜೆನ್ ಕಂಡುಹಿಡಿದ ಎಕ್ಸ್-ಕಿರಣದ ಚಿತ್ರ ಮೂಲತಃ ಒಂದು ನೆರಳು. ಕಂದೀಲಿನ ಮುಂದೆ ಕೈ ಹಿಡಿದು ಗೋಡೆಯ ಮೇಲೆ ಮೊಲ ಮಾಡುವ ಮಕ್ಕಳಿಗೆ ಗೊತ್ತು, ನೆರಳಿಗೆ ಹಿಂದು ಮುಂದು ಇಲ್ಲ. ಎದೆಯ ಮೂಳೆಯ ಹಿಂದಿನ ಗಡ್ಡೆಯೂ ಬೆನ್ನಿನ ಪಕ್ಕದ ಗಡ್ಡೆಯೂ ಎದುರಿನಿಂದ ತೆಗೆದ ಚಿತ್ರದಲ್ಲಿ ಒಂದರ ಮೇಲೊಂದು ಬೀಳುತ್ತವೆ, ಹೃದಯದ ಹಿಂದಿರುವುದು ಕಾಣದೆಯೂ ಹೋಗಬಹುದು. ಪಕ್ಕದಿಂದ ತೆಗೆದ ಇನ್ನೊಂದು ಚಿತ್ರ ಇದ್ದರೆ ಜಾಗ ಗೊತ್ತಾಗುತ್ತದೆ. ಸಿ.ಟಿ. ಯಂತ್ರ ಸುತ್ತಲಿಂದಲೂ ನೆರಳು ಹಿಡಿದು, ಲೆಕ್ಕ ಹಾಕಿ, ಸೌತೆಕಾಯಿಯ ಬಿಲ್ಲೆಯಂತೆ ಎದೆಯನ್ನು ಅಡ್ಡಡ್ಡ ತೋರಿಸುತ್ತದೆ. ಗಡ್ಡೆಯ ಒಳಗೆ ನೀರಿದೆಯೋ, ಕೊಬ್ಬಿದೆಯೋ, ಸುಣ್ಣವಿದೆಯೋ ತಿಳಿಯುತ್ತದೆ. ಬೆನ್ನುಹುರಿಯ ಪ್ರಶ್ನೆ ಇದ್ದರೆ ಎಂ.ಆರ್.ಐ. ಬೇಕಾಗಬಹುದು.

ಸ್ಕ್ಯಾನಿಗಿಂತ ಅಗ್ಗದ ಪರೀಕ್ಷೆಯೂ ಒಂದಿದೆ, ನಿಮ್ಮ ಹಳೆಯ ಎಕ್ಸ್-ರೇ ಫಿಲ್ಮ್. ಎರಡು ವರ್ಷದ ಹಿಂದಿನ ಚಿತ್ರದಲ್ಲೂ ಅದೇ ಗಾತ್ರದ ಗಟ್ಟಿ ನೆರಳು ಇದ್ದರೆ ಅದು ಸಾಧುವೇ ಇರುವ ಸಂಭವ ಹೆಚ್ಚು. ಹಿಂದೆ ಇಲ್ಲದ್ದು ಈಗ ಬಂದಿದ್ದರೆ ವೈದ್ಯರು ಚುರುಕಾಗುತ್ತಾರೆ. ಗುಳೆ ಹೋಗುವವರು ರೇಷನ್ ಕಾರ್ಡಿನೊಡನೆ ಫಿಲ್ಮನ್ನೂ ಚಿಕಿತ್ಸೆಯ ಚೀಟಿಗಳನ್ನೂ ಒಂದೇ ಚೀಲದಲ್ಲಿ ಇಟ್ಟುಕೊಳ್ಳಬೇಕು. ನಮ್ಮ ಬಿಸಿಲಿಗೆ ಫಿಲ್ಮ್‌ಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ, ನಡುವೆ ಕಾಗದ ಇಡಿ. ಮನೆಯ ಜಂತಿಗೆ ಸಿಕ್ಕಿಸಬೇಡಿ. ಈಗ ಅನೇಕ ಕಡೆ ಚಿತ್ರವನ್ನು ಮೊಬೈಲಿಗೇ ಕಳಿಸುತ್ತಾರೆ. ಮೊಬೈಲ್ ಕಳೆದರೆ ಚಿತ್ರವೂ ಹೋಯಿತು. ಮನೆಯ ಇನ್ನೊಬ್ಬರ ಮೊಬೈಲಿಗೂ ಕಳಿಸಿಡಿ.

ಚಿಕಿತ್ಸೆಯ ವಿಷಯ ಸಂಕ್ಷಿಪ್ತವಾಗಿ: ಎಲ್ಲ ಸಾಧು ಗಡ್ಡೆಗೂ ಶಸ್ತ್ರಚಿಕಿತ್ಸೆ ಬೇಡ. ಸಣ್ಣದಿದ್ದು, ಲಕ್ಷಣವಿಲ್ಲದೆ, ಸ್ವಭಾವ ಖಚಿತವಾಗಿದ್ದರೆ ಆಗಾಗ ಚಿತ್ರ ತೆಗೆದು ಗಮನಿಸುತ್ತಾ ಇರಬಹುದು. ಕುರಿಗಾಹಿಯ ‘ಹಂಗೇ ಬಿಟ್ಟರ’ ಎಂಬುದಕ್ಕೂ ಇದಕ್ಕೂ ವ್ಯತ್ಯಾಸವಿದೆ. ಅಲ್ಲಿ ನೋಡುವವರು ಇಲ್ಲ, ಇಲ್ಲಿ ಇದ್ದಾರೆ. ಒತ್ತಡದ ಲಕ್ಷಣವಿದ್ದರೆ, ಬೆಳೆಯುತ್ತಿದ್ದರೆ, ಸಂಶಯವಿದ್ದರೆ ತೆಗೆಯುವುದೇ ದಾರಿ. ಅನೇಕ ಗಡ್ಡೆಗಳನ್ನು ಈಗ ಪಕ್ಕೆಲುಬುಗಳ ನಡುವೆ ಸಣ್ಣ ರಂಧ್ರ ಮಾಡಿ ದೂರದರ್ಶಕದಂಥ ಕೊಳವೆಯ ನೆರವಿನಿಂದ ತೆಗೆಯುತ್ತಾರೆ. ಮುಖ, ಕುತ್ತಿಗೆ ಬೆಳಿಗ್ಗೆ ಊದಿ ಎದೆಯ ಮೇಲೆ ರಕ್ತನಾಳಗಳು ಎದ್ದು ಕಾಣುವುದು, ಅಂಗಾತ ಮಲಗಿದರೆ ಉಸಿರು ಕಟ್ಟುವುದು, ಕೆಮ್ಮಿನಲ್ಲಿ ರಕ್ತ, ಮೂರು ವಾರ ಮೀರಿದ ಧ್ವನಿ ಬದಲಾವಣೆ ಇವು ತಡಮಾಡುವ ಲಕ್ಷಣಗಳಲ್ಲ. ಸಾಧುವೆಂದು ಹೇಳಿದ ಗಡ್ಡೆಯೇ ಆಗಿದ್ದರೂ ಅಷ್ಟೆ.

2009ರ ಡಿಸೆಂಬರಿನಲ್ಲಿ ಯಾದಗಿರಿ ಪ್ರತ್ಯೇಕ ಜಿಲ್ಲೆಯಾಯಿತು. ಈಗ ಅಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜೂ ಇದೆ. ಶಹಾಪುರ, ಸುರಪುರದವರು ತಾಲ್ಲೂಕು ಆಸ್ಪತ್ರೆಯಿಂದ ಆರಂಭಿಸಿ, ಅಲ್ಲಿಂದ ಶಿಫಾರಸು ಚೀಟಿ ಪಡೆದು ಯಾದಗಿರಿಗೋ ಕಲಬುರಗಿಗೋ ರಾಯಚೂರಿಗೋ ಹೋಗುವುದು ಒಳ್ಳೆಯದು. ಎದೆ ರೋಗಗಳಿಗೇ ಮೀಸಲಾದ ರಾಜೀವ್ ಗಾಂಧಿ ಎದೆ ರೋಗಗಳ ಸಂಸ್ಥೆ ಬೆಂಗಳೂರಿನಲ್ಲಿದೆ. 2018ರಲ್ಲಿ ಬಂದ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯ ನೆರವಿಗೆ ಆ ಚೀಟಿ ಬೇಕಾಗುತ್ತದೆ. ನೇರವಾಗಿ ದೊಡ್ಡ ಊರಿನ ಬಸ್ಸು ಹತ್ತಿ, ಅಲ್ಲಿ ಚೀಟಿ ಇಲ್ಲವೆಂದು ಮರಳಿದವರ ಪತ್ರಗಳು ನಮಗೆ ಬರುತ್ತಲೇ ಇರುತ್ತವೆ.

ಆ ಕುರಿಗಾಹಿಗೆ ಶಸ್ತ್ರಚಿಕಿತ್ಸೆ ಆಯಿತು. ಮೂರು ತಿಂಗಳ ಮೇಲೆ ಅವರೇ ಫೋನ್ ಮಾಡಿದರು. ಕೆಮ್ಮು ಹೋಗಿದೆ, ಕುರಿಗಳ ಹಿಂದೆ ಇನ್ನೂ ದೂರ ನಡೆಯಲಾಗುತ್ತಿಲ್ಲ, ಮಗ ಹೋಗುತ್ತಾನೆ ಎಂದರು. ಅವರಿಗೆ ಇದ್ದ ಚಿಂತೆ ಬೇರೆ. “ಹಟ್ಟ್ಯಾಗ ಮೂರು ನಾಯಿ ಅವರೀ. ಅವನ್ನ ಬಿಡಾಕ ಆಗಂಗಿಲ್ಲ, ತ್ವಾಳದ ಕಾಟ. ಏನ್ ಮಾಡ್ಲಿ?” ನಾಯಿ ಬಿಡಬೇಕಿಲ್ಲ ಎಂದೆ. ಕೊಯ್ದ ಕುರಿಯ ಒಳಭಾಗಗಳನ್ನು ನಾಯಿಗೆ ಹಾಕದೆ ಆಳವಾಗಿ ಹೂಳುವುದು ಅಥವಾ ಸುಡುವುದು, ಉಣ್ಣುವ ಮುಂಚೆ ಸೋಪಿನಿಂದ ಕೈ ತೊಳೆಯುವುದು, ನಾಯಿಗಳಿಗೆ ಲಾಡಿಹುಳುವಿನ ಮಾತ್ರೆ ಹಾಕಿಸುವುದು. ಮಾತ್ರೆಯ ಹೆಸರು ಬರೆದುಕೊಳ್ಳುತ್ತೇನೆ ಎಂದು ಮಗನನ್ನು ಕೂಗಿದರು. ‘ಪ್ರಾಜಿಕ್ವಾಂಟೆಲ್’ ಎಂದು ನಾಲ್ಕು ಸಲ ಬಿಡಿಸಿ ಹೇಳಿದೆ. ಎಷ್ಟು, ಯಾವಾಗ ಎಂಬುದನ್ನು ಪಶು ಆಸ್ಪತ್ರೆಯಲ್ಲಿ ಕೇಳಿ, ನಾಯಿಯ ತೂಕದ ಮೇಲೆ ಹೇಳುತ್ತಾರೆ ಎಂದೆ. “ನಾಯಿ ತೂಕ ಮಾಡ್ಸಾಕ ಎಲ್ಲಿಗೆ ಒಯ್ಲೀ?” ಎಂದು ಅತ್ತಲಿಂದ ನಗು ಕೇಳಿಸಿತು.